ದಸರಾ ಸುತ್ತಾಟಕ್ಕೆ ಯಾವ ಚಪ್ಪಲಿ? ನನ್ನ ಓಟು ಹಿಂಬದಿ ಪಟ್ಟಿಗೇ

ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ದಸರಾ ದೀಪ ನೋಡಲು ಮನೆಮಂದಿಯನ್ನೆಲ್ಲ ಕರೆದುಕೊಂಡು ಸಂಜೆ ಹೊರಡುವವರಿಗೆ, ಹಿಮ್ಮಡಿಗೆ ಪಟ್ಟಿ ಇರುವ ವೆಲ್ಕ್ರೋ ಸ್ಯಾಂಡಲ್‌ಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಸ್ಪೋರ್ಟ್ಸ್ ಶೂ, ಉಂಗುಷ್ಟದ ಚರ್ಮದ ಚಪ್ಪಲಿ, ಮಕ್ಕಳು ಇಷ್ಟಪಡುವ ತೂತುತೂತಿನ ಕ್ಲಾಗ್ ಎಲ್ಲವೂ ನಮ್ಮ ಮನೆಯ ಬಾಗಿಲಲ್ಲಿ ಇವೆ. ಎಲ್ಲವನ್ನೂ ಹಾಕಿಕೊಂಡು ಸಯ್ಯಾಜಿರಾವ್ ರಸ್ತೆಯ ನೂಕುನುಗ್ಗಲಿನಲ್ಲಿ ನಡೆದಿದ್ದೇವೆ. ಕಳೆದ ದಸರೆಗೆ ಮುಂಚೆ ಅತ್ತೆಗೆ, ಮಗಳಿಗೆ, ನನಗೆ ಮೂವರಿಗೂ ಪಟ್ಟಿ ಸ್ಯಾಂಡಲ್ ತಂದೆ. ಆ ಸಲ ಹೆಂಗಸರ್ಯಾರೂ ಕಾಲುನೋವು ಅನ್ನಲಿಲ್ಲ.

ದಸರಾದ ನಡಿಗೆ ಬೇರೆ ವಾಕಿಂಗಿನ ಹಾಗಲ್ಲ. ಸಂಜೆ 7ಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಎಲ್ಲರ ಕತ್ತೂ ಮೇಲಕ್ಕೆ, ಮೊಬೈಲೂ ಮೇಲಕ್ಕೆ. ಕೆಳಗೆ ನೋಡುವವರೇ ಇಲ್ಲ. ಕೆ.ಆರ್. ವೃತ್ತದಲ್ಲೂ ಅಷ್ಟೇ, ದೀಪದ ಆನೆ, ದೀಪದ ನವಿಲು ನೋಡುತ್ತಾ ಹಿಂದಿನವರು ನಿಮ್ಮ ಹಿಮ್ಮಡಿಯ ಮೇಲೇ ಕಾಲಿಡುತ್ತಾರೆ. ಅವರ ತಪ್ಪೇನೂ ಅಲ್ಲ. ಆದರೆ ಅಲ್ಲಿ ಚಪ್ಪಲಿಯ ನಿಜವಾದ ಪರೀಕ್ಷೆ ಇದೇ: ಯಾರಾದರೂ ತುಳಿದರೆ ಕಾಲಲ್ಲಿ ಉಳಿಯುತ್ತದಾ, ಇಲ್ಲವಾ?

ಉಂಗುಷ್ಟದ ಚಪ್ಪಲಿ ಉಳಿಯುವುದಿಲ್ಲ. ಹಿಂದಿನವರು ಚಪ್ಪಲಿಯ ಬಾಲ ತುಳಿದಿರುತ್ತಾರೆ, ನಾವು ಮುಂದೆ ಹೆಜ್ಜೆ ಎತ್ತಿರುತ್ತೇವೆ, ಆ ಎಳೆತವೆಲ್ಲ ಬೀಳುವುದು ಹೆಬ್ಬೆರಳಿನ ಉಂಗುಷ್ಟದ ಮೇಲೆ. ನಮ್ಮ ಯಜಮಾನರ ಹೊಸ ಚಪ್ಪಲಿಯ ಉಂಗುಷ್ಟ ಕಿತ್ತು ಬಂದದ್ದು ಹೀಗೇ, ದೇವರಾಜ ಮಾರುಕಟ್ಟೆಯ ಎದುರು. ಬಗ್ಗಿ ಎತ್ತಿಕೊಳ್ಳಲೂ ಜಾಗವಿಲ್ಲ, ಬಗ್ಗಿದರೆ ಮೇಲೆ ಬೀಳುತ್ತಾರೆ. ಹವಾಯಿ ಚಪ್ಪಲಿಯ ಬಾರು ಆಗಿದ್ದರೆ ಕೆಳಗೊಂದು ಪಿನ್ ಹಾಕಿ ಮನೆ ಸೇರಬಹುದಿತ್ತು. ಚರ್ಮದ್ದಕ್ಕೆ ಹೊಲಿಗೆಯೇ ಬೇಕು, ರಾತ್ರಿ ಎಂಟೂವರೆಗೆ ಹೊಲಿಯುವವರು ಎಲ್ಲಿ ಸಿಗಬೇಕು? ಸುಟ್ಟ ಜೋಳದ ದಿಂಡು, ಐಸ್‌ಕ್ರೀಂ ಕಡ್ಡಿ, ಚುರುಮುರಿ ಪೊಟ್ಟಣ ಬಿದ್ದ ರಸ್ತೆಯಲ್ಲಿ ಒಂದು ಕಾಲು ಬರಿಗಾಲಲ್ಲೇ ನಡೆದರು.

ಕ್ಲಾಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂದಿನ ಪಟ್ಟಿಯನ್ನು ಮಕ್ಕಳು ಮುಂದಕ್ಕೆ ಮಡಚಿಕೊಂಡೇ ಓಡುತ್ತಾರೆ. ಗುಂಪಿನಲ್ಲಿ ಒಂದು ಕಳಚಿತು ಅಂದರೆ ಹೋಯಿತು.

ಮೆತ್ತಗಿರುವುದರಲ್ಲಿ ಸ್ಪೋರ್ಟ್ಸ್ ಶೂ ಮುಂದೆ ಯಾವುದೂ ನಿಲ್ಲದು, ಅದನ್ನು ಒಪ್ಪಲೇಬೇಕು. ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ಹೆಜ್ಜೆ ಹಾಕುವ ಹುಡುಗರಿಗೆ ಅದೇ ಸರಿ. ಬೆರಳಿನ ಮೇಲೆ ಯಾರು ತುಳಿದರೂ ಪೆಟ್ಟಾಗುವುದಿಲ್ಲ. ಆದರೆ ಅತ್ತೆ ಜೊತೆಗಿದ್ದರೆ ಕೋಟೆ ಆಂಜನೇಯನಿಗೆ ಕೈಮುಗಿಯದೆ ಮುಂದೆ ಹೋಗುವ ಹಾಗಿಲ್ಲ, ಅರಮನೆಯ ಕೋಟೆಯೊಳಗೆ ತ್ರಿನೇಶ್ವರ, ಶ್ವೇತವರಾಹ ದೇವಸ್ಥಾನ ಬೇರೆ. ಪ್ರತಿ ಬಾಗಿಲಲ್ಲೂ ಕೂತು ಲೇಸ್ ಬಿಚ್ಚಿ, ಕಾಲುಚೀಲ ಕಳಚಿ, ಮತ್ತೆ ಕಟ್ಟಿ! ಜೊತೆಗೆ ಇದು ಹಸ್ತ, ಚಿತ್ತಾ ಮಳೆಯ ಕಾಲ. ಒಮ್ಮೆ ಒದ್ದೆಯಾದ ಶೂ ಮರುದಿನ ಸಂಜೆಗೂ ಒಣಗಿರುವುದಿಲ್ಲ. ಒದ್ದೆ ಕಾಲುಚೀಲದಲ್ಲಿ ನಡೆದರೆ ಹಿಮ್ಮಡಿಯಲ್ಲಿ ಬೊಬ್ಬೆ ಖಂಡಿತ.

ಈಗ ಅತ್ತೆಯ ವಿಷಯ. ಅವರಿಗೆ ಬಹಳ ವರ್ಷಗಳಿಂದ ಶುಗರ್ ಇದೆ. ಅಂಗಾಲಿನಲ್ಲಿ ಸ್ಪರ್ಶ ಕಡಿಮೆ. ಸಣ್ಣ ಕಲ್ಲು ಒಳಗೆ ಸೇರಿದರೂ ಗೊತ್ತಾಗುವುದಿಲ್ಲ, ಗಾಯವಾದರೆ ಬೇಗ ಮಾಯುವುದಿಲ್ಲ. ಅದಕ್ಕೇ ಅವರಿಗೆ ತಂದದ್ದು ಎಂ.ಸಿ.ಆರ್. ಅಟ್ಟೆಯದು. ಶುಗರ್ ಇರುವವರಿಗೆಂದೇ ಮೆತ್ತನೆಯ ರಬ್ಬರ್ ಹಾಸಿ ಮಾಡುತ್ತಾರಲ್ಲ, ಅದು. ಇದರಲ್ಲೂ ಹಿಂಬದಿ ಪಟ್ಟಿ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಪಟ್ಟಿ ಇಲ್ಲದಿದ್ದರೆ, ಸ್ಪರ್ಶವಿಲ್ಲದ ಕಾಲಿನಿಂದ ಚಪ್ಪಲಿ ಜಾರಿದ್ದು ಅವರಿಗೆ ತಿಳಿಯುವುದೇ ಇಲ್ಲ. ಹಾಕುವ ಮುಂಚೆ ಒಳಗೆ ಕೈಯಾಡಿಸಿ ನೋಡುತ್ತೇನೆ. ದೇವಸ್ಥಾನದೊಳಗೆ ಬರಿಗಾಲು ಬೇಡ ಎಂದು ತೆಳು ಬಣ್ಣದ ಹತ್ತಿ ಕಾಲುಚೀಲ ಹಾಕಿಸುತ್ತೇನೆ, ರಕ್ತ ಬಂದರೆ ತಕ್ಷಣ ಕಾಣುತ್ತದೆ. ಮನೆಗೆ ಬಂದ ಮೇಲೆ ಬೆರಳಿನ ಸಂದಿಯವರೆಗೂ ಟಾರ್ಚ್ ಬಿಟ್ಟು ನೋಡುತ್ತೇನೆ. ಇದನ್ನು ದಯವಿಟ್ಟು ಯಾರೂ ತಪ್ಪಿಸಬೇಡಿ.

ಇಷ್ಟೆಲ್ಲ ಹೊಗಳಿದ ಸ್ಯಾಂಡಲ್‌ನಲ್ಲೂ ಒಂದು ಕಿರಿಕಿರಿ ಇದೆ. ಅದು ವೆಲ್ಕ್ರೋ ಮತ್ತು ರೇಷ್ಮೆ ಸೀರೆಯ ಜಗಳ.

“ಏನಮ್ಮಾ, ರೇಷ್ಮೆ ಸೀರೆಗೆ ಈ ಚಪ್ಪಲೀನಾ?” ಎಂದು ಅತ್ತೆ ಕೇಳಿದ್ದು ಅಂದಕ್ಕೆ. “ಹಾಕಿ ನೋಡಿ ಅತ್ತೆ, ಆಮೇಲೆ ಹೇಳಿ” ಅಂದೆ. ತೊಂದರೆ ಬಂದದ್ದು ಅಂದದ ಕಡೆಯಿಂದ ಅಲ್ಲ. ವೆಲ್ಕ್ರೋದ ಒಂದು ಮುಖ ಮೆತ್ತಗೆ, ಇನ್ನೊಂದು ಮುಖದಲ್ಲಿ ಸಣ್ಣ ಸಣ್ಣ ಕೊಕ್ಕೆ. ಅತ್ತೆಯ ಪಾದ ತೆಳ್ಳಗೆ. ಪಟ್ಟಿಯನ್ನು ಬಿಗಿಯಾಗಿ ಎಳೆದರೆ ತುದಿ ಮೆತ್ತನೆ ಭಾಗವನ್ನು ದಾಟಿ ಹೊರಗೆ ಉಳಿಯುತ್ತದೆ. ಹಾಗೆ ಉಳಿದ ಅರ್ಧ ಇಂಚು ಕೊಕ್ಕೆ ಉತ್ತರಾಣಿ ಕಾಯಿಯಂತೆ ಸೀರೆಗೆ ಅಂಟಿಕೊಳ್ಳುತ್ತದೆ. ನೆರಿಗೆಯ ಕಡೆ ಒಳಗೆ ಫಾಲ್ ಇರುವುದರಿಂದ ಅಷ್ಟು ಭಯವಿಲ್ಲ. ಫಾಲ್ ಮುಗಿದ ಮೇಲಿನ ಅಂಚು ಇದೆಯಲ್ಲ, ಹರಡಿನ ಹೊರಬದಿಗೆ ತಾಗುವುದು, ಅಲ್ಲಿ ಸಿಕ್ಕಿಬಿದ್ದರೆ ಕಷ್ಟ. ಮೈಸೂರು ಸಿಲ್ಕ್‌ನಲ್ಲಿ ಒಂದೇ ಒಂದು ಎಳೆ ಹೊರಬಂದರೂ ಗೀಟು ಎಳೆದ ಹಾಗೆ ಕಾಣುತ್ತದೆ. ಅಂಚಿನ ಪಕ್ಕದಲ್ಲೇ ಅಂಥ ಗೀಟು ಬಿತ್ತು. ಅತ್ತೆ ಏನೂ ಅನ್ನಲಿಲ್ಲ, ಆದರೆ ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸೀರೆ ಎತ್ತಿಕೊಂಡೇ ನಡೆದರು. ಹಾಗೆ ನಡೆದರೆ ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿಯುವುದಷ್ಟೇ, ಆಸರೆಗೆ ಕೈ ಉಳಿಯುವುದಿಲ್ಲ.

ಇದಕ್ಕೆ ಪರಿಹಾರ ಸಿಕ್ಕಿದ್ದು ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ. ಅಲ್ಲಿ ವೆಲ್ಕ್ರೋ ಬಿಡಿಯಾಗಿ ಅಳೆದು ಕೊಡುತ್ತಾರೆ. ಮೆತ್ತನೆ ಮುಖದ ಒಂದು ತುಂಡು ತಂದು, ಹೊರಗುಳಿಯುವ ಕೊಕ್ಕೆಯ ಮೇಲೆ ಒತ್ತಿದೆ. ಕೊಕ್ಕೆ ಮುಚ್ಚಿತು, ಸೀರೆ ಬಚಾವಾಯಿತು. ಕೂದಲು, ದಾರದ ಚೂರು ತುಂಬಿಕೊಂಡು ವೆಲ್ಕ್ರೋ ಹಿಡಿತ ತಪ್ಪಿದರೆ ಸೇಫ್ಟಿ ಪಿನ್ನಿನಿಂದ ಕೆದಕಿ ತೆಗೆಯಬೇಕು. ಬಕಲ್ ಇರುವುದೂ ಸಿಗುತ್ತದೆ, ಅದು ಸೀರೆಗೆ ಹಿಡಿಯುವುದಿಲ್ಲ. ಆದರೆ ಬೆರಳು ಬಿಗಿಯಾದ ವಯಸ್ಸಾದವರಿಗೆ ಆ ಸಣ್ಣ ತೂತಿಗೆ ಮುಳ್ಳು ಸೇರಿಸುವುದು ದೊಡ್ಡ ಕೆಲಸ. ವೆಲ್ಕ್ರೋ ಒಂದೇ ಕೈಯಲ್ಲಿ ಚರ್ ಎಂದು ಬಿಚ್ಚುತ್ತದೆ.

ಕೊಳ್ಳುವಾಗ ಸಂಜೆ ಹೋಗಿ. ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಹೋದದ್ದು ರಾತ್ರಿ ಬಿಗಿಯುತ್ತದೆ. ಹೊಸದನ್ನು ಹಬ್ಬದ ದಿನವೇ ಹಾಕಿದರೆ ಯಾವುದಾದರೂ ಕಚ್ಚುತ್ತದೆ. ನವರಾತ್ರಿಗೆ ಒಂದು ವಾರ ಮುಂಚಿನಿಂದ ಮನೆಯೊಳಗೇ ಹಾಕಿ ಓಡಾಡಲಿ.

ನಾವು ಗಾಡಿ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿ ಉಳಿದದ್ದನ್ನು ನಡೆಯುವವರು. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ಮುಗಿಸದೆ ವಾಪಸ್ ಬರುವುದಿಲ್ಲ. ಒಂದು ಜೊತೆಗೆ ಸಾವಿರ ರೂಪಾಯಿ ಮೀರಬಾರದು ಎಂಬುದು ನಮ್ಮ ಮನೆಯ ಲೆಕ್ಕ, ಅಷ್ಟರಲ್ಲಿ ಒಳ್ಳೆಯ ಪಟ್ಟಿ ಸ್ಯಾಂಡಲ್ ಸಿಗುತ್ತದೆ, ದಸರಾ ಮುಗಿದ ಮೇಲೂ ವರ್ಷವಿಡೀ ಬಳಕೆಗೆ ಬರುತ್ತದೆ. ದೇವಸ್ಥಾನಕ್ಕೆ ಹೋಗದ, ಸೀರೆ ಉಡದ, ದುಡ್ಡಿಗೆ ಹಿಂದೆಮುಂದೆ ನೋಡದವರು ಸ್ಪೋರ್ಟ್ಸ್ ಶೂಗೇ ಹೋಗಬಹುದು. ಅತ್ತೆಯದು, ನನ್ನದು ಈ ವರ್ಷಕ್ಕೂ ಗಟ್ಟಿಯಾಗಿವೆ. ಮಗಳದ್ದು ಚಿಕ್ಕದಾಗಿದೆ, ಅವಳಿಗೆ ಮತ್ತು ಯಜಮಾನರಿಗೆ ಮಹಾಲಯ ಅಮಾವಾಸ್ಯೆಗೆ ಮುಂಚೆ ಒಂದೊಂದು ಜೊತೆ ತರಬೇಕು.