ಟೈನಿ ಡೆಸ್ಕ್: ಮೇಜಿನ ಹಿಂದೆ ನಡೆಯುವ ಕಛೇರಿಗಳು

ಒಂಟಿಕೊಪ್ಪಲು 8ನೇ ಕ್ರಾಸಿನ ಗಣೇಶೋತ್ಸವದ ಸಂಗೀತ ಕೇಳಿ ಬೆಳೆದ ಮೈಸೂರಿನ ರಸಿಕರಿಗೆ ಬೇರೆ ದೇಶಗಳ ಸಂಗೀತದ ಪರಿಚಯವೂ ಬೇಕೆನಿಸಿದರೆ, ಅಮೆರಿಕದ ಎನ್‌ಪಿಆರ್ ಬಾನುಲಿ ಸಂಸ್ಥೆಯ ‘ಟೈನಿ ಡೆಸ್ಕ್’ ಎಂಬ ಪುಟ್ಟ ಸಂಗೀತ ಕಛೇರಿಗಳ ವೀಡಿಯೊ ಸರಣಿಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. 2008ರಲ್ಲಿ ವಾಷಿಂಗ್ಟನ್ನಿನಲ್ಲಿ ಆ ಸಂಸ್ಥೆಯ ಸಂಗೀತ ಕಾರ್ಯಕ್ರಮದ ನಿರೂಪಕರಾಗಿದ್ದ ಬಾಬ್ ಬಾಯ್ಲನ್ ಅವರ ಕೆಲಸದ ಮೇಜಿನ ಬಳಿಯೇ ಆರಂಭವಾದ ಈ ಸರಣಿ ಯೂಟ್ಯೂಬ್‌ನಲ್ಲಿ ಉಚಿತವಾಗಿ ಲಭ್ಯವಿದೆ.

ಸಾಮಾನ್ಯವಾಗಿ ಇಲ್ಲಿ ಗಾಯಕರ ದನಿಯನ್ನು ಧ್ವನಿವರ್ಧಕದಲ್ಲಿ ಏರಿಸಿ ಕೋಣೆಗೆ ಕೇಳಿಸುವುದಿಲ್ಲವಾದ್ದರಿಂದ, ವಾದ್ಯ ನುಡಿಸುವವರು ಹಾಡುವವರ ಕಂಠಕ್ಕೆ ತಕ್ಕಂತೆ ಕೈ ತಗ್ಗಿಸಲೇಬೇಕಾಗುತ್ತದೆ. ಆ ಸಂಯಮದಿಂದಾಗಿಯೇ ಒಂದೊಂದು ನಾದವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಸಹಾರಾದ ತುವಾರೆಗ್ ಸಮುದಾಯದ ತಿನಾರಿವೆನ್ ತಂಡವನ್ನು ಕೇಳಿದಾಗ, ಭಾಷೆ ಒಂದಿಷ್ಟೂ ತಿಳಿಯದಿದ್ದರೂ, ಗಿಟಾರಿನ ಒಂದೇ ಎಳೆ ಮತ್ತೆ ಮತ್ತೆ ಸುತ್ತಿ ಬರುವುದನ್ನು ನಮ್ಮ ಕೈ ತಾನಾಗಿಯೇ ತಾಳ ಹಾಕಿ ಹಿಂಬಾಲಿಸುತ್ತದೆ. ಪಂಜಾಬಿನ ಢೋಲಿನ ಜೊತೆ ಜಾಸ್ ಶೈಲಿಯ ಹಿತ್ತಾಳೆಯ ವಾದ್ಯಗಳನ್ನು ಬೆಸೆಯುವ ರೆಡ್ ಬರಾತ್ ತಂಡದ ಅಬ್ಬರ ಇದಕ್ಕೆ ತೀರ ಬೇರೆಯಾದದ್ದು, ಅಷ್ಟೇ ಹಿತವಾದದ್ದು.

ಕೊರತೆಯೆಂದರೆ ಅವಧಿ. ಬಹುತೇಕ ಕಛೇರಿಗಳು 20 ನಿಮಿಷದ ಆಸುಪಾಸಿನಲ್ಲೇ ಮುಗಿಯುವುದರಿಂದ, ರಾಗವನ್ನು ನಿಧಾನವಾಗಿ ಅರಳಿಸುವ ನಮ್ಮ ಪದ್ಧತಿಗೆ ಈ ಚೌಕಟ್ಟು ಬಿಗಿಯಾಗುತ್ತದೆ. ಈಚಿನ ವರ್ಷಗಳಲ್ಲಿ ಈಗಾಗಲೇ ಹೆಸರಾದ ಪಾಪ್ ತಾರೆಯರೂ ಹೆಚ್ಚಾಗಿ ಕಾಣಿಸುತ್ತಿರುವುದರಿಂದ, ಹೊಸಬರನ್ನು ಹುಡುಕುವವರು ಹಳೆಯ ಕಂತುಗಳಿಂದ ತೊಡಗುವುದು ಒಳ್ಳೆಯದು; ಮೊಬೈಲಿನ ಸ್ಪೀಕರಿನಲ್ಲಿ ಮಂದ್ರದ ನಾದ ಉಳಿಯದ ಕಾರಣ ಹೆಡ್‌ಫೋನ್ ಬಳಸುವುದು ಅಗತ್ಯ.