ಮನೆಯಲ್ಲೇ ಬಂಧಿ: ಇಂಗ್ಲಿಷಿನಲ್ಲಿ ಯಾವ ಪದ ಒಪ್ಪುತ್ತದೆ?

'ಮಳೆ ಬಿಡಲಿಲ್ಲ, ಎರಡು ದಿನ ಮನೆಯಲ್ಲೇ ಬಂಧಿಯಾದೆವು.' ಕನ್ನಡದಲ್ಲಿ ಇದನ್ನು ಓದಿ ಯಾರೂ ಜೈಲು ಅಂದುಕೊಳ್ಳುವುದಿಲ್ಲ, ಅಲ್ವಾ? ಇಂಗ್ಲಿಷಿಗೆ 'ಇಂಪ್ರಿಸನ್ಡ್' ಎಂದು ತಂದರೆ ಮಾತ್ರ ಜೈಲೇ ಕಣ್ಮುಂದೆ ಬರುತ್ತದೆ. ಅನುವಾದ ಮಾಡುವಾಗ ಈ ಸಾಲಿಗೆ ಬೇರೆ ಬೇರೆ ಪದ ಇಟ್ಟು ನೋಡಿದೆ.

'ಕನ್‌ಫೈನ್ಡ್ ಟು ದ ಹೌಸ್' ತಪ್ಪಲ್ಲ. ಆದರೆ ಡಾಕ್ಟರ ವರದಿಯ ಧಾಟಿ ಬಂತು. 'ಸ್ಟಕ್ ಅಟ್ ಹೋಮ್' ಸಲೀಸಾಗಿ ಕೂತಿತು. ಮಳೆಯಿರಲಿ, ಜ್ವರವಿರಲಿ, ಬಸ್ ಬಂದ್ ಇರಲಿ, ಎಲ್ಲಕ್ಕೂ ನಡೆಯುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು 'ಕೂಪ್ಡ್ ಅಪ್'. ಕೂಪ್ ಅಂದರೆ ಕೋಳಿಗೂಡು. ಒಳಗೇ ಇದ್ದು ಇದ್ದು ಬೇಜಾರಾಗಿ, ಮಕ್ಕಳು ಮಂಚದಿಂದ ಮಂಚಕ್ಕೆ ಹಾರುವ ಆ ಚಡಪಡಿಕೆ ಅದರಲ್ಲಿ ಬರುತ್ತದೆ. ಅರ್ಧ ಗಂಟೆಯ ಕರೆಂಟ್ ಕಟ್‌ಗೆ ಇದನ್ನು ಬಳಸಬೇಡಿ.

ಲಿಫ್ಟ್ ನಡುವೆ ನಿಂತರೆ 'ಸ್ಟಕ್' ಸಾಕು. 'ಟ್ರ್ಯಾಪ್ಡ್' ಅಂದರೆ ಅಪಾಯದ ವಾಸನೆ ಬರುತ್ತದೆ. ಗುಡ್ಡ ಕುಸಿದು ಒಳಗೆ ಸಿಕ್ಕಿಕೊಂಡವರಿಗೆ ಅದು ಸರಿ. 'ಲಾಕ್ಡ್ ಇನ್' ಅಂದರೆ ಬಾಗಿಲಿಗೆ ಬೀಗ ಬಿದ್ದು ಹೊರಗೆ ಬರಲಾಗದೆ ಒಳಗೇ ಉಳಿದದ್ದು. 'ಲಾಕ್ಡ್ ಅಪ್' ಅಂದರೆ ಸಾಮಾನ್ಯವಾಗಿ ಜೈಲು ಅಥವಾ ಠಾಣೆ. ಬಾಲದ ಒಂದು ಪುಟ್ಟ ಪದ, ಕಥೆಯೇ ಬೇರೆ.

'ಡಿಟೇನ್ಡ್' ಬಗ್ಗೆ ಹುಷಾರು. ನಮ್ಮ ಕಾಲೇಜುಗಳಲ್ಲಿ ಅಟೆಂಡೆನ್ಸ್ ಕಮ್ಮಿಯಾಗಿ ಪರೀಕ್ಷೆಗೆ ಕೂರಿಸದಿದ್ದರೆ 'ಡಿಟೇನ್ ಆದ' ಅನ್ನುತ್ತೇವೆ. ಹೊರದೇಶದವರಿಗೆ ಹಾಗೆ ಬರೆದರೆ ಹುಡುಗನನ್ನು ಪೊಲೀಸರು ಹಿಡಿದರು ಅಂದುಕೊಳ್ಳುತ್ತಾರೆ.

ಕಾನೂನಿನ ಬರಹದಲ್ಲಿ ಮಾತ್ರ 'ಕನ್‌ಫೈನ್‌ಮೆಂಟ್' ಬಿಟ್ಟರೆ ಗತಿಯಿಲ್ಲ. ಹಳೆಯ ಐಪಿಸಿಯ 339 ಮತ್ತು 340, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 126 ಮತ್ತು 127ನೇ ಕಲಂ ನೋಡಿ. ನಿಮಗೆ ಹೋಗುವ ಹಕ್ಕಿರುವ ದಾರಿಗೆ ಅಡ್ಡ ನಿಂತರೆ 'ರಾಂಗ್‌ಫುಲ್ ರಿಸ್ಟ್ರೇಂಟ್'. ಯಾವ ಕಡೆಗೂ ಹೊರಗೆ ಹೋಗದಂತೆ ಕೂಡಿಹಾಕಿದರೆ 'ರಾಂಗ್‌ಫುಲ್ ಕನ್‌ಫೈನ್‌ಮೆಂಟ್'. ಶಿಕ್ಷೆಯೂ ಬೇರೆ ಬೇರೆ. ಇಲ್ಲಿ ಸುಮ್ನೆ ಪದ ಬದಲಾಯಿಸಿದರೆ ದೂರಿನ ಅರ್ಥವೇ ಬದಲಾಗುತ್ತದೆ.

ಒಂದು ಕಡೆ ನಾನು 'ಕನ್‌ಫೈನ್ಡ್' ಪೂರ್ತಿ ಬಿಟ್ಟಿದ್ದೇನೆ: 'ಕನ್‌ಫೈನ್ಡ್ ಟು ಎ ವೀಲ್‌ಚೇರ್'. ಅಂಗವೈಕಲ್ಯ ಇರುವ ಎಷ್ಟೋ ಜನ ಈ ಮಾತನ್ನು ಒಪ್ಪುವುದಿಲ್ಲ, ಅವರ ಮಾತು ನ್ಯಾಯವೇ. ಗಾಲಿಕುರ್ಚಿ ಅವರನ್ನು ಕೂಡಿಹಾಕಿಲ್ಲ. ಅದರಲ್ಲೇ ಅವರು ಕೆಲಸಕ್ಕೆ, ಸಂತೆಗೆ, ಮದುವೆಗೆ ಹೋಗಿಬರುವುದು. 'ಯೂಸಸ್ ಎ ವೀಲ್‌ಚೇರ್' ಎಂದೇ ಬರೆಯುತ್ತೇನೆ.