ಮಲೆನಾಡಿನಲ್ಲಿ ಜಾಝ್: ಎಲ್‌ಪಿ, ಸಿಡಿ, ಮೊಬೈಲ್, ಕಛೇರಿ

ಅಮೆರಿಕದಲ್ಲಿ ಹುಟ್ಟಿದ, ಮನೋಧರ್ಮವೇ ಜೀವಾಳವಾದ ಜಾಝ್ ಸಂಗೀತವನ್ನು ಶಿವಮೊಗ್ಗದಲ್ಲಿ ಕುಳಿತು ಕೇಳುವವರು ಬೆರಳೆಣಿಕೆಯಷ್ಟೇ. ಆ ಕೆಲವರು ಸೇರಿದಾಗಲೆಲ್ಲ ಏಳುವ ಪ್ರಶ್ನೆ ಮಾತ್ರ ಒಂದೇ: ಇರುವ ಅಷ್ಟಿಷ್ಟು ದುಡ್ಡನ್ನು ಯಾವುದಕ್ಕೆ ಹಾಕಬೇಕು? ಸೂಜಿಯಿಟ್ಟು ನುಡಿಸುವ ದೊಡ್ಡ ತಟ್ಟೆಯಾದ ಎಲ್‌ಪಿ ಕೊಳ್ಳಬೇಕೇ, ಸಿಡಿ ಸಾಕೇ, ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಇವೆರಡರ ಗೊಡವೆಯೇ ಏಕೆ, ಅಥವಾ ಅದೇ ದುಡ್ಡಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಕಛೇರಿ ಕೇಳಿ ಬರುವುದು ಮೇಲೇ? ನಾನು ಇವೆಲ್ಲವನ್ನೂ ವರ್ಷಗಳಿಂದ ಬಳಸುತ್ತ ಬಂದವನು. ಈ ಮಳೆಗಾಲದಲ್ಲಿ ಪಟ್ಟು ಹಿಡಿದು ಒಂದೇ ಕೋಣೆಯಲ್ಲಿ, ಒಂದೇ ಆಂಪ್ಲಿಫೈಯರ್, ಒಂದೇ ಜೋಡಿ ಸ್ಪೀಕರ್‌ಗಳಲ್ಲಿ, ಅವೇ ಧ್ವನಿಮುದ್ರಣಗಳನ್ನು ಒಂದರ ಹಿಂದೊಂದು ಹಾಕಿ ಕೇಳಿದೆ.

ಹೋಲಿಸಲು ಒಂದು ಅಳತೆಗೋಲು ಬೇಕು. ಅದು ನಮ್ಮ ಕಡೆ ಪುಕ್ಕಟೆ ಸಿಗುತ್ತದೆ. ಕರಾವಳಿಯಲ್ಲಿರುವಂತೆ ಘಟ್ಟದ ಮೇಲಿನ ಮದುವೆ ಮನೆಗಳಲ್ಲೂ ದೇವಸ್ಥಾನದ ಉತ್ಸವಗಳಲ್ಲೂ ಸ್ಯಾಕ್ಸೋಫೋನ್ ಊದಿಸುವ ರೂಢಿ ಇದೆ. ಮೈಕಿನ ಹಂಗಿಲ್ಲದೆ ಹತ್ತಿರ ನಿಂತು ಕೇಳಿದರೆ ಆ ವಾದ್ಯದ ನಿಜವಾದ ದನಿ ಏನೆಂದು ತಿಳಿಯುತ್ತದೆ: ಸ್ವರ ಹುಟ್ಟುವ ಮೊದಲು ರೀಡಿಗೆ ಉಸಿರು ತಾಗುವ ಸದ್ದು, ಬೆರಳು ಒತ್ತಿದಾಗ ಮುಚ್ಚಳಗಳು ಟಪಟಪ ಕೂರುವುದು, ಕೆಳಗಿನ ಸ್ವರಗಳಿಗೆ ಇಳಿದಾಗ ಎದೆಗೆ ತಟ್ಟುವ ಭಾರ. ಧ್ವನಿಮುದ್ರಣದಲ್ಲಿ ಈ ಮೂರೂ ಸಿಕ್ಕರೆ ನನಗೆ ತೃಪ್ತಿ. ಈ ಪರೀಕ್ಷೆಗೆ ಮೊದಲು ಹಾಕುವುದು 2008ರ ‘ಕಿನ್ಸ್‌ಮೆನ್’ ಆಲ್ಬಮ್. ಅಮೆರಿಕದ ರುದ್ರೇಶ್ ಮಹಾಂತಪ್ಪ ಮತ್ತು ನಮ್ಮ ಕದ್ರಿ ಗೋಪಾಲನಾಥ್, ಇಬ್ಬರದೂ ಆಲ್ಟೋ ಸ್ಯಾಕ್ಸೋಫೋನ್. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಗಿಟಾರ್, ಡಬಲ್ ಬಾಸ್ ಎಂಬ ಮಂದ್ರದ ದೊಡ್ಡ ತಂತಿವಾದ್ಯ, ಮೃದಂಗ, ಡ್ರಮ್ಸ್. ಗೋಪಾಲನಾಥರು ಸ್ವರದಿಂದ ಸ್ವರಕ್ಕೆ ಗಮಕದಲ್ಲಿ ಜಾರುತ್ತಾರೆ. ಮಹಾಂತಪ್ಪನವರ ಸ್ವರಕ್ಕೆ ಅಂಚು ಚೂಪು. ಕಣ್ಣು ಮುಚ್ಚಿ ಕುಳಿತಾಗಲೂ ಇದು ಯಾರ ಉಸಿರು ಎಂದು ತಡವರಿಸದೆ ಹೇಳುವಂತಿದ್ದರೆ ಆ ವ್ಯವಸ್ಥೆ ಪಾಸು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಜಾಝ್ ಕೇಳುವುದು ತಾಳಮದ್ದಳೆ ಕೇಳಿದಂತೆ. ಪ್ರಸಂಗ ಅದೇ, ಪದ್ಯವೂ ಅದೇ; ಅರ್ಥಧಾರಿ ಇವತ್ತು ಆಡುವ ಮಾತು ನಿನ್ನೆ ಆಡಿದ್ದಲ್ಲ, ನಾಳೆ ಆಡುವುದೂ ಅಲ್ಲ. ಹಾಗಾಗಿ ಜಾಝ್ ಸಂಗ್ರಹಿಸುವವನಿಗೆ ಬೇಕಾಗಿರುವುದು ಹಾಡಲ್ಲ, ಒಂದು ನಿರ್ದಿಷ್ಟ ರಾತ್ರಿ. ಯಾವ ಮಾಧ್ಯಮ ಆ ರಾತ್ರಿಯನ್ನು ಕತ್ತರಿಸದೆ, ತಿದ್ದದೆ, ಯಾರು ಯಾವ ವಾದ್ಯ ನುಡಿಸಿದರು ಎಂಬ ವಿವರದೊಂದಿಗೆ ನಮ್ಮ ಮನೆಗೆ ತಲುಪಿಸುತ್ತದೆ? ನನ್ನ ತೀರ್ಮಾನವೆಲ್ಲ ಇದರ ಮೇಲೆಯೇ ನಿಂತಿದೆ.

ಮೊಬೈಲಿನಿಂದ ತೊಡಗುತ್ತೇನೆ. ಧ್ವನಿಯ ಗುಣಮಟ್ಟದ ಬಗ್ಗೆ ಈಗ ದೊಡ್ಡ ತಕರಾರು ಉಳಿದಿಲ್ಲ. ಮೊಬೈಲನ್ನು ತಂತಿಯಿಂದ ಆಂಪ್ಲಿಫೈಯರಿಗೆ ಜೋಡಿಸಿ, ಆಪ್‌ನ ಅತ್ಯುತ್ತಮ ಗುಣಮಟ್ಟವನ್ನು ಆರಿಸಿಕೊಂಡರೆ, ‘ಕಿನ್ಸ್‌ಮೆನ್’ ಸಿಡಿಗೂ ಅದಕ್ಕೂ ವ್ಯತ್ಯಾಸ ಹೇಳಲು ಕಿವಿಯನ್ನು ಚೆನ್ನಾಗಿಯೇ ಆನಿಸಬೇಕು. ಬ್ಲೂಟೂತ್‌ನಲ್ಲಿ ಕೇಳಿದರೆ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ, ಸಿಂಬಲ್‌ನ ಮಿನುಗು ಮೊದಲು ಮಂಕಾಗುತ್ತದೆ. ನಗರದೊಳಗೆ ನೆಟ್‌ವರ್ಕ್ ತೊಂದರೆ ಇಲ್ಲ. ಹೊಸನಗರದ ಒಳಹಳ್ಳಿಗಳಿಗೋ ಆಗುಂಬೆಯ ಕಡೆಗೋ ಹೊರಟರೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿರಬೇಕು.

ಬೇರೆ ಯಾವ ಮಾಧ್ಯಮಕ್ಕೂ ಆಗದ ಒಂದು ಕೆಲಸವನ್ನು ಮೊಬೈಲ್ ಮಾಡುತ್ತದೆ. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ತನ್ನ ‘ಎ ಲವ್ ಸುಪ್ರೀಮ್’ ಕೃತಿಯನ್ನು 1964ರ ಡಿಸೆಂಬರ್ 9ರಂದು ಸ್ಟುಡಿಯೋದಲ್ಲಿ ಮುದ್ರಿಸಿದಾಗ ಅದರ ಅವಧಿ ಸುಮಾರು 33 ನಿಮಿಷ. ಮರುವರ್ಷದ ಜುಲೈನಲ್ಲಿ ಫ್ರಾನ್ಸಿನ ಆಂಟಿಬ್ ಉತ್ಸವದಲ್ಲಿ ಅದೇ ಕೃತಿ ಮುಕ್ಕಾಲು ಗಂಟೆ ದಾಟಿತು. ಅಕ್ಟೋಬರ್‌ನಲ್ಲಿ ಸಿಯಾಟಲ್‌ನ ಒಂದು ಕ್ಲಬ್ಬಿನಲ್ಲಿ ಇನ್ನಿಬ್ಬರು ಸ್ಯಾಕ್ಸೋಫೋನ್ ವಾದಕರು ಸೇರಿಕೊಂಡು ಅದು ಒಂದು ಗಂಟೆಯನ್ನೂ ಮೀರಿ ಬೆಳೆಯಿತು. ಆ ಟೇಪ್ ಹೊರಬಂದದ್ದು 2021ರಲ್ಲಿ. ಮೂರನ್ನೂ ಒಂದೇ ಸಂಜೆ ಕೇಳಿ, ಒಬ್ಬ ಕಲಾವಿದ ತನ್ನದೇ ಕೃತಿಯನ್ನು ಒಂದು ವರ್ಷದೊಳಗೆ ಹೇಗೆ ಒಡೆದು ಕಟ್ಟಿದ ಎಂದು ತಿಳಿಯಲು ಮೊಬೈಲೇ ಸರಿ. ಅಷ್ಟೂ ಡಿಸ್ಕ್‌ಗಳನ್ನು ಕೊಂಡು ಹೋಲಿಸುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಆದರೆ ಬಾಸ್ ನುಡಿಸಿದವರು ಯಾರು ಎಂದು ಕೇಳಿ ನೋಡಿ. ಪರದೆಯ ಮೇಲೆ ಮುಖ್ಯ ಕಲಾವಿದನ ಹೆಸರು, ಮುಖಪುಟದ ಚಿತ್ರ, ಮರುಮುದ್ರಣದ ಇಸವಿ ಹೆಚ್ಚಾಗಿ ಇಷ್ಟೇ ಇರುತ್ತದೆ. ಕೋಲ್ಟ್ರೇನ್ ಹಿಂದೆ ಪಿಯಾನೋದಲ್ಲಿ ಮೆಕಾಯ್ ಟೈನರ್, ಬಾಸ್‌ನಲ್ಲಿ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್ ಇದ್ದಾರೆಂದು ಗೊತ್ತಿಲ್ಲದೆ ಆ ಸಂಗೀತದ ಅರ್ಧ ಕೈತಪ್ಪುತ್ತದೆ. ಇಂದು ಇದ್ದ ಆಲ್ಬಮ್ ನಾಳೆ ಹಕ್ಕುಸ್ವಾಮ್ಯದ ಕಾರಣಕ್ಕೆ ಮಾಯವಾಗುವುದೂ ಉಂಟು. ಹುಡುಕಲು ಮೊಬೈಲ್ ಇರಲಿ. ಉಳಿಸಿಕೊಳ್ಳಲು ಅದನ್ನು ನಂಬಲಾರೆ.

ಎಲ್‌ಪಿಯ ಮೇಲೆ ನನಗೆ ಪ್ರೀತಿ ಇದೆ. ಬಿಲ್ ಇವಾನ್ಸ್ ಪಿಯಾನೋದ ಒಂದು ಸ್ವರ ಗಾಳಿಯಲ್ಲಿ ಕರಗುವುದನ್ನು ಒಳ್ಳೆಯ ಸೂಜಿಯಿರುವ ಪ್ಲೇಯರಿನಲ್ಲಿ ಕೇಳಿದರೆ ಕೋಣೆಯೇ ದೊಡ್ಡದಾದಂತೆ ಅನ್ನಿಸುತ್ತದೆ. ಹನ್ನೆರಡು ಅಂಗುಲದ ಹೊದಿಕೆಯ ಹಿಂಬದಿಯಲ್ಲಿ ಕಲಾವಿದರ ಹೆಸರು, ಮುದ್ರಣದ ದಿನಾಂಕ, ಒಂದು ಪುಟ ಟಿಪ್ಪಣಿ. ಅದನ್ನು ಓದುತ್ತ ಕೇಳುವ ಸುಖವನ್ನು ಅಲ್ಲಗಳೆಯಲಾರೆ.

ಆದರೂ ಮಲೆನಾಡು ಎಲ್‌ಪಿಗೆ ಹೇಳಿಸಿದ ಸೀಮೆಯಲ್ಲ. ಜೂನ್ ಕಳೆಯುವಷ್ಟರಲ್ಲಿ ಹೊದಿಕೆಯ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಅದು ಒಳಗಿನ ಕಾಗದದ ಚೀಲಕ್ಕೆ, ಅಲ್ಲಿಂದ ತಟ್ಟೆಯ ಗೆರೆಗಳಿಗೆ ಇಳಿಯುತ್ತದೆ. ಬಿಳಿ ಚುಕ್ಕೆಗಳ ಮೇಲೆ ಸೂಜಿ ಹಾಯ್ದಾಗ ಬರುವ ಚಿಟಪಟ ಸದ್ದು ಡ್ರಮ್ಸ್ ಮೇಲೆ ಆಡುವ ಮೃದುವಾದ ಬ್ರಷ್‌ನ ನಡೆಯನ್ನೇ ನುಂಗಿಬಿಡುತ್ತದೆ. ನಮ್ಮಲ್ಲಿ ಏನೇ ಒದ್ದೆಯಾದರೂ ಬಚ್ಚಲೊಲೆಯ ಪಕ್ಕ ಇಟ್ಟು ಒಣಗಿಸುವ ಅಭ್ಯಾಸವಿದೆ. ಎಲ್‌ಪಿಗೆ ಅದೂ ಸಲ್ಲದು, ಬಿಸಿ ತಾಗಿದರೆ ತಟ್ಟೆ ಸೊಟ್ಟಗಾಗುತ್ತದೆ. ಕಾಗದದ ಚೀಲ ತೆಗೆದು ಪ್ಲಾಸ್ಟಿಕ್ ಲೇಪದ ಚೀಲ ಹಾಕಿ, ಗೋಡೆಗೆ ತಾಗದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಇಟ್ಟ ಮೇಲೆ ನನ್ನವು ಒಂದು ಹದಕ್ಕೆ ಬಂದಿವೆ. ಕರೆಂಟು ಹೋದಾಗ ಇನ್ನೊಂದು ಕಾಟ. ಅಗ್ಗದ ಇನ್ವರ್ಟರ್ ಕೊಡುವುದು ಚೌಕಾಕಾರದ ಅಲೆ; ಆಂಪ್ಲಿಫೈಯರಿನಲ್ಲಿ ಗುಂಯ್ ಎಂಬ ಸದ್ದು ಏಳುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದವರಿಗೆ ಇದರ ಬಾಧೆ ಇಲ್ಲ. ಹೊರದೇಶದಿಂದ ಬರುವ ಹೊಸ ಎಲ್‌ಪಿಯ ಬೆಲೆ ಸಾವಿರಗಳಲ್ಲೇ ಮಾತಾಡುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಸಮಯದ್ದು. ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ಕೀತ್ ಜ್ಯಾರೆಟ್ 1975ರ ಜನವರಿ 24ರಂದು ಕೋಲೋನ್ ನಗರದಲ್ಲಿ ಒಂದು ಕೆಟ್ಟ ಪಿಯಾನೋದ ಮೇಲೆ ಪೂರ್ತಿ ಮನೋಧರ್ಮದಿಂದಲೇ ನುಡಿಸಿದ ಕಛೇರಿಯ ಎರಡನೆಯ ಭಾಗವನ್ನು ಎಲ್‌ಪಿಯ ಬದಿಗಳಿಗೆ ಹೊಂದಿಸಲು ತುಂಡು ಮಾಡಬೇಕಾಯಿತು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ತಂದ ‘ಕೈಂಡ್ ಆಫ್ ಬ್ಲೂ’ ಕಥೆ ಇನ್ನೂ ವಿಚಿತ್ರ. ಮಾರ್ಚ್ 2ರಂದು ಮುದ್ರಿಸಿದ ಟೇಪ್ ಯಂತ್ರ ತುಸು ನಿಧಾನ ಓಡಿದ್ದರಿಂದ, ಸರಿಯಾದ ವೇಗದಲ್ಲಿ ಹಾಕಿದಾಗ ಮೊದಲ ಬದಿಯ ಮೂರೂ ರಚನೆಗಳು ಶ್ರುತಿ ಏರಿಯೇ ದಶಕಗಳ ಕಾಲ ಮಾರಾಟವಾದವು. ಅದು ಸರಿಹೋದದ್ದು 1990ರ ದಶಕದ ಮರುಮುದ್ರಣದಲ್ಲಿ. ಹಳೆಯ ಎಲ್‌ಪಿಯನ್ನೂ ತಿದ್ದಿದ ಸಿಡಿಯನ್ನೂ ಒಂದರ ಹಿಂದೊಂದು ಹಾಕಿದರೆ, ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಕ್ಯಾಸೆಟ್ಟಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸುರುಳಿಯೂ ಬೂಷ್ಟಿಗೆ ಹೊರತಲ್ಲ. ಪದರದಿಂದ ಪದರಕ್ಕೆ ಸದ್ದು ಹತ್ತಿ, ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳಿಸುತ್ತದೆ. ಬೇರೆಲ್ಲೂ ಸಿಗದ ಧ್ವನಿಮುದ್ರಣ ನಿಮ್ಮ ಕ್ಯಾಸೆಟ್ಟಿನಲ್ಲಿದ್ದರೆ ಅದನ್ನು ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹೊಸದಾಗಿ ಕೊಳ್ಳಲು ಕಾರಣವೇ ಇಲ್ಲ.

ಸಿಡಿಯೇ ನನ್ನ ಆಯ್ಕೆ, ಅದೂ ಖಂಡಿತವಾಗಿ. ಡ್ಯೂಕ್ ಎಲಿಂಗ್ಟನ್ ತನ್ನ ದೊಡ್ಡ ವಾದ್ಯವೃಂದದೊಂದಿಗೆ 1956ರ ಜುಲೈ 7ರಂದು ಅಮೆರಿಕದ ನ್ಯೂಪೋರ್ಟ್ ಉತ್ಸವದಲ್ಲಿ ನುಡಿಸಿದ್ದನ್ನು ತೆಗೆದುಕೊಳ್ಳಿ. ಆ ರಾತ್ರಿ ಪಾಲ್ ಗೊನ್ಸಾಲ್ವಿಸ್ ಎಂಬ ಟೆನರ್ ಸ್ಯಾಕ್ಸೋಫೋನ್ ವಾದಕ ಒಂದೇ ಉಸಿರಿನಲ್ಲೆಂಬಂತೆ 27 ಕೋರಸ್, ಅಂದರೆ ರಚನೆಯ 27 ಪೂರ್ತಿ ಸುತ್ತು, ಊದಿದ. ಸಭೆ ಎದ್ದು ಕುಣಿಯಿತು. ಅದೇ ವರ್ಷ ಬಂದ ಎಲ್‌ಪಿಯಲ್ಲಿ ಬಹುಪಾಲು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಮೇಲೆ ಚಪ್ಪಾಳೆ ಸೇರಿಸಿದ್ದು. ಗೊನ್ಸಾಲ್ವಿಸ್‌ನ ಸೋಲೋ ಮಾತ್ರ ಆ ರಾತ್ರಿಯದೇ, ಆದರೆ ಅವನು ನಿಂತದ್ದು ಕಂಪನಿಯ ಮೈಕಿನ ಮುಂದಲ್ಲ, ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕಿನ ಮುಂದೆ. ಎಲ್‌ಪಿಯಲ್ಲಿ ಅವನು ಗೋಡೆಯಾಚೆ ಊದಿದಂತೆ ಕೇಳಿಸುವುದು ಅದಕ್ಕೇ. ಮುಂದೆ ಆ ರೇಡಿಯೋದ ಟೇಪ್ ಸಿಕ್ಕಿತು. ಎರಡೂ ಟೇಪ್‌ಗಳನ್ನು ಜೋಡಿಸಿ, ನಿಜವಾದ ಕಛೇರಿಯನ್ನು ಸ್ಟೀರಿಯೋದಲ್ಲಿ ಎರಡು ಸಿಡಿಗಳಾಗಿ 1999ರಲ್ಲಿ ಹೊರತಂದರು. ನನ್ನ ಅಳತೆಗೋಲು ಹಿಡಿದು ನೋಡಿದೆ: ಎಲ್‌ಪಿಯಲ್ಲಿ ಉಸಿರೂ ಇಲ್ಲ, ಭಾರವೂ ಇಲ್ಲ, ಸಿಡಿಯಲ್ಲಿ ಅವನು ಎದುರಿಗೇ ನಿಂತಿದ್ದಾನೆ.

ಬಿಲ್ ಇವಾನ್ಸ್ ತ್ರಿವಳಿ 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಐದು ಸರದಿ ನುಡಿಸಿತು. ಎಲ್‌ಪಿಗಳಲ್ಲಿ ಬಂದದ್ದು ಆಯ್ದ ಭಾಗ. 2005ರ ಮೂರು ಸಿಡಿಗಳ ಪೆಟ್ಟಿಗೆಯಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಎಲ್ಲವೂ ಅದೇ ಕ್ರಮದಲ್ಲಿದೆ, ಗ್ಲಾಸುಗಳ ಕಿಣಿಕಿಣಿ, ಮೇಜಿನ ಮಾತುಕತೆ ಸಮೇತ. ಮೊದಲ ರಚನೆಯ ನಡುವೆ ಕರೆಂಟು ಹೋಗಿ ಟೇಪ್ ತಡವರಿಸುವುದನ್ನೂ ಹಾಗೆಯೇ ಉಳಿಸಿದ್ದಾರೆ. ಬಾಸ್ ನುಡಿಸಿದ ಸ್ಕಾಟ್ ಲಫಾರೊ ಹನ್ನೊಂದು ದಿನಕ್ಕೆ, ಜುಲೈ 6ರಂದು, ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 25. ಇಂತಹ ದಿನವನ್ನು ತುಣುಕಾಗಿ ಕೇಳಲು ನನಗೆ ಮನಸ್ಸಿಲ್ಲ. ಸಿಡಿಗಳಿಗೆ ಮಳೆಗಾಲದಲ್ಲಿ ಬೇಕಾದ ಆರೈಕೆಯೂ ಕಡಿಮೆ: ಕಿರುಪುಸ್ತಿಕೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಆಯಿತು. ಹಳೆಯ ಸಿಡಿಗಳು ಎಲ್‌ಪಿಯ ಬೆಲೆಯ ಒಂದಂಶಕ್ಕೇ ಸಿಗುತ್ತವೆ.

ಇಷ್ಟಾದರೂ ಕಛೇರಿಯ ಪಕ್ಕದಲ್ಲಿ ಸಿಡಿಯನ್ನು ಇಟ್ಟು ನೋಡಿದರೆ ತೂಕ ಎತ್ತ ವಾಲುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಭಾರತಕ್ಕೆ ಜಾಝ್ ಹೊಸದೇನಲ್ಲ: ಡೇವ್ ಬ್ರೂಬೆಕ್ 1958ರಲ್ಲಿ, ಎಲಿಂಗ್ಟನ್ 1963ರಲ್ಲಿ ಬಂದು ನುಡಿಸಿದ್ದಾರೆ, ಮುಂಬೈಯಲ್ಲಿ 1978ರಲ್ಲಿ ಜಾಝ್ ಯಾತ್ರಾ ಶುರುವಾದಾಗ ಸಾನಿ ರಾಲಿನ್ಸ್ ಬಂದಿದ್ದರು. ಶಿವಮೊಗ್ಗೆಯವರಿಗೆ ಹತ್ತಿರವೆಂದರೆ ಬೆಂಗಳೂರೇ. ಅಲ್ಲಿ ಎರಡು ಬಗೆ. ಊಟ, ಪಾನೀಯದ ಕ್ಲಬ್ಬುಗಳಲ್ಲಿ ಕಲಾವಿದರು ಕೈಗೆಟಕುವಷ್ಟು ಹತ್ತಿರ. ಆದರೆ ಬಾಸ್ ಸೋಲೋ ಶುರುವಾದ ಕೂಡಲೇ ಜನ ಮಾತಿಗೆ ತೊಡಗುತ್ತಾರೆ. ಇನ್ನೊಂದು, ಮ್ಯಾಕ್ಸ್ ಮ್ಯುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್‌ನಂತಹ ಸಂಸ್ಥೆಗಳು ಯುರೋಪಿನ ತಂಡಗಳನ್ನು ಕರೆಸಿ ನಡೆಸುವ ಕಾರ್ಯಕ್ರಮಗಳು. ಸಭೆ ಮೌನವಾಗಿ ಕೂರುತ್ತದೆ, ಪ್ರವೇಶದ ಖರ್ಚೂ ಹಗುರ. ನನ್ನ ಮತ ಎರಡನೆಯದಕ್ಕೆ.

ಹೋದರೆ ಡ್ರಮ್ಸ್ ನುಡಿಸುವವರ ಬಲಗೈ ಕಾಣುವ ಜಾಗ ಹಿಡಿಯಿರಿ. ಪಿಯಾನೋ ವಾದಕಿ ಒಂದು ಸ್ವರದ ಬಳಿ ತಡೆದು ನಿಂತಾಗ ಆ ಕೈ ಸಿಂಬಲ್‌ನ ಮೇಲೆ ಅರೆಕ್ಷಣ ಗಾಳಿಯಲ್ಲೇ ನಿಂತದ್ದನ್ನು ಒಮ್ಮೆ ಕಂಡೆ. ಬಾಸ್ ನುಡಿಸುವವರು ತಲೆ ಎತ್ತಿ ನೋಡಿದರು, ಮೂವರೂ ನಕ್ಕರು, ಮರುಮಾತ್ರೆಗೆ ಒಟ್ಟಿಗೇ ಇಳಿದರು. ಧ್ವನಿಮುದ್ರಣದಲ್ಲಿ ಅದು ಬರೀ ಒಂದು ಬಿಡುವು. ಅದನ್ನು ಕಂಡ ಮೇಲೆ ಮನೆಯ ಸಿಡಿಗಳಲ್ಲೂ ಇಂತಹ ಬಿಡುವುಗಳು ಕೇಳಿಸತೊಡಗಿದವು.

ಹಾಗಾಗಿ ದುಡ್ಡು ಕಡಿಮೆಯಿದ್ದರೆ ಮೊದಲು ಟಿಕೆಟ್ಟು, ಆಮೇಲೆ ಸಿಡಿ. ಕಛೇರಿ ಮುಗಿದ ಮೇಲೆ ಮೆಜೆಸ್ಟಿಕ್‌ನಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸು ಸಿಗುತ್ತದೆ, ಗಾಬರಿಯಿಂದ ನಡುವೆ ಎದ್ದು ಓಡಬೇಕಾಗಿಲ್ಲ. ಹೊರಡುವ ಮುನ್ನ ವೇದಿಕೆಯ ಪಕ್ಕದ ಮೇಜನ್ನು ನೋಡಿ. ಕಲಾವಿದರು ತಮ್ಮದೇ ಸಿಡಿಗಳನ್ನು ಅಲ್ಲಿ ಇಟ್ಟಿರುತ್ತಾರೆ. ಅವುಗಳಲ್ಲಿ ಕೆಲವು ಯಾವ ಆಪ್‌ನಲ್ಲೂ ಇರುವುದಿಲ್ಲ, ಕೊಟ್ಟ ಹಣ ನೇರ ನುಡಿಸಿದವರ ಕೈಗೇ ಸೇರುತ್ತದೆ.